ಅಪ್ಪಯ್ಯನ ಪ್ಲೇಟು, ಅಮ್ಮನ ಪೆನ್ಸಿಲು

ನಮ್ಮ ಮನೆಯಲ್ಲಿ ಸ್ನಾನ ಮಾಡುವುದಕ್ಕೂ ಸರ್ಕಾರದ ಅಪ್ಪಣೆ ಬೇಕಿತ್ತು. ತಮಾಷೆಗೆ ಹೇಳುತ್ತಿಲ್ಲ. ಅಪ್ಪಯ್ಯ ಚಿಕ್ಕಮಗಳೂರಿನಲ್ಲಿ ಸರ್ಕಾರಿ ಫೋಟೋಗ್ರಾಫರ್ ಆಗಿದ್ದರು. ಅವರಿಗೆ ಕೊಟ್ಟಿದ್ದ ಕ್ವಾರ್ಟರ್ಸಿನಲ್ಲಿ ಕಿಟಕಿಯಿಲ್ಲದ ಕೋಣೆ ಅಂತ ಇದ್ದದ್ದು ಬಚ್ಚಲೊಂದೇ, ಆದ್ದರಿಂದ ಅದೇ ಅವರ ಡಾರ್ಕ್ ರೂಮ್ ಆಯಿತು. ಅವರು ಟೂರು ಮುಗಿಸಿ ಬಂದು ಪ್ಲೇಟು ತೊಳೆಯುವ ದಿನ ಹಂಡೆಯ ಕೆಳಗೆ ಬೆಂಕಿ ಹಾಕುವಂತಿಲ್ಲ, ಹೊಗೆ ಕೂಡದು. ಬಾಗಿಲು ತೆಗೆಯುವಂತಿಲ್ಲ, ಬೆಳಕು ಕೂಡದು. ಜೋರಾಗಿ ನಡೆಯುವಂತಿಲ್ಲ, ಧೂಳು ಏಳುತ್ತದೆ. ಅಮ್ಮ ಮೂರು ದಿನ ಹೊರಗಿದ್ದು ನಾಲ್ಕನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡ ಮೇಲಷ್ಟೇ ಅಡುಗೆಮನೆಗೆ ಬರಬೇಕು, ಅದು ನಮ್ಮ ಮನೆಯ ಕಟ್ಟಳೆ. ಒಮ್ಮೆ ಹಾಗೆ ನಾಲ್ಕನೆಯ ಬೆಳಿಗ್ಗೆಯೇ ಅಪ್ಪಯ್ಯ ಯಾವುದೋ ಸೇತುವೆಯ ಪ್ಲೇಟು ಹಿಡಿದು ಬಚ್ಚಲು ಹೊಕ್ಕರು. ಅಮ್ಮ ಹಿತ್ತಲಿನ ಕಲ್ಲಿನ ಮೇಲೆ ಸೀರೆ ಮಡಚಿಟ್ಟುಕೊಂಡು ಮಧ್ಯಾಹ್ನದವರೆಗೆ ಕಾದಳು. ಒಲೆ ಹಚ್ಚುವವರಿಲ್ಲದೆ ನಾನು ಒಣ ಅವಲಕ್ಕಿ ತಿಂದೆ. ಸೇತುವೆ ಚೆನ್ನಾಗಿ ಬಂದಿದೆ ಅಂತ ಅಪ್ಪಯ್ಯ ನಗುತ್ತ ಹೊರಗೆ ಬಂದಾಗ ಅಮ್ಮನೂ ನಕ್ಕಳು. ಅವಳು ಯಾಕೆ ನಕ್ಕಳೋ ಎಂದು ನನಗೆ ಇವತ್ತಿಗೂ ಸಿಟ್ಟಿದೆ.

ಪ್ಲೇಟು ಅಂದರೆ ಗಾಜಿನ ಪ್ಲೇಟು. ಆಗ ಅಪ್ಪಯ್ಯನ ಕ್ಯಾಮೆರಾ ಚಿತ್ರ ಹಿಡಿಯುತ್ತಿದ್ದದ್ದು ಗಾಜಿನ ಮೇಲೆ. ಅದನ್ನು ಮದ್ದಿನಲ್ಲಿ ಅದ್ದಿ ತೆಗೆದ ಮೇಲೆ ಹತ್ತು ಹನ್ನೆರಡು ಸಲ ನೀರು ಬದಲಿಸಿ ತೊಳೆಯಬೇಕು. ಬಾವಿಯಿಂದ ಆ ನೀರು ಸೇದುತ್ತಿದ್ದವಳು ಅಮ್ಮ. ಆ ನೀರಿನಲ್ಲಿ ತೇಲಿ ಬರುತ್ತಿದ್ದವರು ಯಾರೆಂದರೆ ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಂತ ದೊರೆಗಳು, ಸವಾರಿ ಬಂದ ಅಧಿಕಾರಿಗಳು, ಅವರ ಹೆಂಡಿರು, ಅವರ ನಾಯಿಗಳು. ನಡುಮನೆಯ ಗೋಡೆಯ ಮೇಲೂ ಅವರೇ. ದೇವರ ಪಟಗಳು ಅಂಗೈಯಗಲ, ಸಾಹೇಬರ ಪಟಗಳು ಮೊಳದುದ್ದ. ಆಯುಧಪೂಜೆಯ ದಿನ ಕ್ಯಾಮೆರಾಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಅದರ ಮೂರು ಕಾಲಿನ ಸ್ಟ್ಯಾಂಡಿಗೆ ಬೇರೆ ಹಾರ. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಯುವ ಗದ್ದಲ. ಅಮ್ಮನ ಪೆನ್ಸಿಲಿಗೆ ಒಂದು ಚಿಟಿಕೆ ಕುಂಕುಮ ಇಟ್ಟವರಿಲ್ಲ.

ಆ ಪೆನ್ಸಿಲಿನ ವಿಷಯ ಹೇಳಬೇಕು. ಪಡಸಾಲೆಯ ಕಿಟಕಿಯ ಬಳಿ ಇಳಿಜಾರಾದ ಒಂದು ಡೆಸ್ಕು ಇತ್ತು, ನಡುವೆ ತೂತು, ಕೆಳಗೆ ಕನ್ನಡಿ. ಕನ್ನಡಿ ಕಿಟಕಿಯ ಬೆಳಕನ್ನು ಹಿಡಿದು ಪ್ಲೇಟಿನ ಅಡಿಯಿಂದ ಮೇಲಕ್ಕೆ ಕಳಿಸುತ್ತಿತ್ತು. ಪ್ಲೇಟಿನಲ್ಲಿ ಎಲ್ಲವೂ ತಿರುವುಮುರುವು, ಕಪ್ಪು ಬೆಳ್ಳಗೆ, ಬಿಳಿ ಕಪ್ಪಗೆ. ಸಿಡುಬಿನ ಕಲೆಗಳು ಅಲ್ಲಿ ಹೊಳೆಯುವ ಚುಕ್ಕಿಗಳಾಗಿ ಕಾಣುತ್ತವೆ. ಆ ಚುಕ್ಕಿಗಳನ್ನು ಸೂಜಿಮೊನೆಯಂಥ ಪೆನ್ಸಿಲಿನಿಂದ ಒಂದೊಂದಾಗಿ ತುಂಬಿದರೆ ಕಾಗದಕ್ಕೆ ಇಳಿಸಿದಾಗ ಕೆನ್ನೆ ನುಣ್ಣಗೆ ಬರುತ್ತದೆ. ಮದುವೆಯಾದ ವರ್ಷ ಅಪ್ಪಯ್ಯ ಇದನ್ನು ಅಮ್ಮನಿಗೆ ಕಲಿಸಿದರಂತೆ, ತಮಗೆ ತಾಳ್ಮೆ ಇಲ್ಲ ಅಂತ. ಮುಂದಿನ ವರ್ಷಕ್ಕೆ ಅವಳು ಅವರನ್ನು ಮೀರಿಸಿದ್ದಳು. ಪೆನ್ಸಿಲನ್ನು ಉಪ್ಪುಕಾಗದದ ಮೇಲೆ ತಿರುಗಿಸಿ ತಿರುಗಿಸಿ ಮೊನೆ ಮಾಡಿ, ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಬಿಸಿಲು ಸರಿದಂತೆ ಕನ್ನಡಿ ಸರಿಸುವುದು ನನ್ನ ಕೆಲಸ. ಎಷ್ಟು ಸಾಹೇಬರ ಹೆಣ್ಣುಮಕ್ಕಳಿಗೆ ಗಂಡು ಸಿಕ್ಕಿದ್ದು ನಮ್ಮಮ್ಮನ ಪೆನ್ಸಿಲಿನಿಂದ! ಫೋಟೋದ ಬೆನ್ನ ಮೇಲೆ ಬೀಳುತ್ತಿದ್ದ ಮೊಹರು ಮಾತ್ರ ಅಪ್ಪಯ್ಯನದು. ಮನೆಗೆ ಬಂದವರು ಹೊಗಳಿದಾಗ ಅವರು ಕೈಮುಗಿದು, ‘ಎಲ್ಲಾ ದೇವರ ದಯೆ’ ಅನ್ನುತ್ತಿದ್ದರು. ಒಳಗಿಂದ ಕಾಫಿ ತಂದಿಡುತ್ತಿದ್ದ ದೇವರು ಮಾತಾಡದೆ ಹೋಗುತ್ತಿತ್ತು.

ಅದು ಎರಡನೇ ಮಹಾಯುದ್ಧದ ಕಾಲ, ಕಾಫಿ ಕೊಯ್ಲಿನ ದಿನಗಳು. ಆಲ್ದೂರಿನ ಆಚೆಯ ಒಂದು ಎಸ್ಟೇಟಿನಲ್ಲಿ ಆಳು ಸತ್ತಿದ್ದಾನೆ, ಹೆಣದ ಫೋಟೋ ಬೇಕು ಅಂತ ಪೊಲೀಸರು ಅಪ್ಪಯ್ಯನನ್ನು ಕರೆಸಿಕೊಂಡರು. ಎಸ್ಟೇಟಿನ ದೊರೆ ಬಿಳಿಯ. ಆಳು ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಅಟ್ಟದಿಂದ ಬಿದ್ದು ಸತ್ತ ಅಂತ ಅವನ ಹೇಳಿಕೆ. ಅಪ್ಪಯ್ಯ ಮಾರನೆಯ ದಿನ ವಾಪಸು ಬಂದರು. ಊಟಕ್ಕೆ ಕೂತು, ಅರ್ಧಕ್ಕೇ ಎದ್ದರು. ಎರಡು ದಿನ ಬಿಟ್ಟು ಮನೆಯ ಮುಂದೆ ಎಸ್ಟೇಟಿನ ಕಾರು ನಿಂತಿತು. ಕಾರಿನಲ್ಲಿ ಬಂದವನು ಅಪ್ಪಯ್ಯನ ಜೊತೆ ಜಗಲಿಯಲ್ಲೇ ಪಿಸುಪಿಸು ಮಾತಾಡಿ, ಒಂದು ಬುಟ್ಟಿ ಕಿತ್ತಳೆಹಣ್ಣು ಇಟ್ಟು ಹೋದ. ಆ ಹಣ್ಣು ನಾನೂ ತಿಂದೆ. ಸಿಹಿಯಾಗಿತ್ತು. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ಬಾಯಿ ಮುಕ್ಕಳಿಸಬೇಕೆನಿಸುತ್ತದೆ.

ಅವತ್ತು ಮಧ್ಯಾಹ್ನ ಅಪ್ಪಯ್ಯ ತಾವೇ ಒಂದು ಪ್ಲೇಟನ್ನು ತಂದು ಅಮ್ಮನ ಡೆಸ್ಕಿನ ಮೇಲಿಟ್ಟರು. ಬೇಡದ ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಪ್ಲೇಟಿನ ಸುತ್ತ ಕಪ್ಪು ಕಾಗದ ಮುಚ್ಚುವುದು ರೂಢಿ. ಅಮ್ಮ ಯಾವಾಗಲೂ ತಾನೇ ಮುಚ್ಚಿಕೊಳ್ಳುತ್ತಿದ್ದಳು. ಈ ಸಲ ಅಪ್ಪಯ್ಯ ಮೊದಲೇ ಮುಚ್ಚಿ, ಅಂಚಿಗೆ ಗೋಂದು ಕೂಡ ಹಚ್ಚಿದ್ದರು. ನಡುವೆ ಅಂಗೈಯಗಲ ಜಾಗ ಮಾತ್ರ ತೆರೆದಿತ್ತು. ಅದರಲ್ಲಿ ಮಾಸಲು ಬಣ್ಣ, ಅಡ್ಡಡ್ಡ ಹೊಳೆಯುವ ಗೆರೆಗಳು.

“ಇದೇನ್ರೀ?” ಅಂದಳು ಅಮ್ಮ.

“ವಸ್ತಾರೆ ಹತ್ರ ಹೊಸ ಮೋರಿ ಕಟ್ಟಿದಾರಲ್ಲ, ಅದರ ಗೋಡೆ. ಪೆಟ್ಟಿಗೇಲಿ ಉಜ್ಜಿ ಪ್ಲೇಟಿಗೆ ಗೀರು ಬಿದ್ದಿದೆ. ತುಂಬಿಬಿಡು.”

“ಗೋಡೆ ಇಷ್ಟು ನುಣುಪಾಗಿರುತ್ತಾ?”

“ಹೊಸ ಗಾರೆ ಕಣೇ. ಕೇಳಿದ್ದು ಸಾಕು, ಬೆಳಕು ಹೋಗುತ್ತೆ.”

ಗೀರು ಬಿದ್ದ ಪ್ಲೇಟನ್ನು ಸರಿಮಾಡುವುದು ಅಮ್ಮನಿಗೆ ಹೊಸದಲ್ಲ. ಯುದ್ಧದಿಂದಾಗಿ ಪ್ಲೇಟು ಸಿಗುತ್ತಿರಲಿಲ್ಲ, ಹಾಳಾದದ್ದನ್ನು ಎಸೆಯುವ ಹಾಗಿರಲಿಲ್ಲ. ಗಾಜಿಗೆ ಪೆನ್ಸಿಲು ಹತ್ತಲೆಂದು ಅವಳು ಪ್ಲೇಟಿಗೆ ಟರ್ಪಂಟೈನಿನಲ್ಲಿ ಕರಗಿಸಿದ ರಾಳ ಸವರಿಕೊಂಡು, ಪೆನ್ಸಿಲು ಹಿಡಿದು ಕೂತಳು. ನಾನು ಕನ್ನಡಿ ಹಿಡಿದೆ. ಎರಡು ಮಧ್ಯಾಹ್ನ ಹಿಡಿಯಿತು. ಕೊನೆಗೆ ಗೆರೆಗಳಿದ್ದ ಜಾಗದಲ್ಲಿ ಏನೂ ಇಲ್ಲ. ನಾನು ಚಪ್ಪಾಳೆ ತಟ್ಟಿದ್ದು ನೆನಪಿದೆ. ಅಪ್ಪಯ್ಯ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ, ‘ಭೇಷ್’ ಅಂದರು. ಅವರು ಅಮ್ಮನಿಗೆ ಹಾಗೆ ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ವಾರ ಕಳೆದಿರಬೇಕು. ಅಪ್ಪಯ್ಯ ಕಚೇರಿಗೆ ಹೋಗಿದ್ದರು. ಹಿತ್ತಲ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು, ಕಾಲೆಲ್ಲ ಕೆಂಧೂಳು, ಹಣೆ ಬರಿದು. ಹೆಸರು ದ್ಯಾವಮ್ಮ, ಕೊಟ್ಟಿಗೆಹಾರದ ಕಡೆಯವಳು. ಆಲ್ದೂರಿನಿಂದ ನಡೆದೇ ಬಂದಿದ್ದಳು. ಅಮ್ಮ ನೀರು, ಬೆಲ್ಲ ಕೊಟ್ಟಳು. ಅವಳು ನೀರು ಕುಡಿದು, ಬೆಲ್ಲವನ್ನು ಸೆರಗಿಗೆ ಕಟ್ಟಿಕೊಂಡಳು.

“ಫೋಟೋ ಸಾಮೇರ ಮನೆ ಇದೇ ಅಲ್ವಾ ಅಮ್ಮೋರೇ? ನಮ್ಮೋರು ಸತ್ತಾಗ ಪಟ ತೆಗುದ್ರಂತೆ. ಒಂದ್ಸಲ ಮುಖ ನೋಡ್ಬೇಕಿತ್ತು. ಅವತ್ತು ನಾನು ಬೇರೆ ತೋಟದಲ್ಲಿ ಹಣ್ಣು ಕುಯ್ಯಕ್ಕೆ ಹೋಗಿದ್ದೆ. ನಾ ಬರೋದ್ರೊಳಗೆ ಸುಟ್ಟುಬಿಟ್ಟಿದ್ರು.”

ಸತ್ತ ಆಳು ಅವಳ ಗಂಡ. ಅಮ್ಮ ಅಪ್ಪಯ್ಯನ ಕೋಣೆಗೆ ಹೋದಳು. ಕಚೇರಿಗೆ ಕಳಿಸಿ ಉಳಿದ ಪ್ರತಿಗಳು ಮೇಜಿನ ಖಾನೆಯಲ್ಲಿರುತ್ತಿದ್ದವು. ಎರಡು ಫೋಟೋ ಸಿಕ್ಕವು. ಒಂದರಲ್ಲಿ ಮುಖ. ಇನ್ನೊಂದರಲ್ಲಿ ಹೆಣವನ್ನು ಬೋರಲು ಹಾಕಿ ತೆಗೆದ ಬೆನ್ನು. ಆ ಬೆನ್ನನ್ನು ನೋಡುತ್ತ ಅಮ್ಮ ಕೋಣೆಯ ಹೊಸ್ತಿಲಲ್ಲೇ ನಿಂತಳು. ಅವಳಿಗೆ ತನ್ನ ಕೈಕೆಲಸದ ಗುರುತು ಸಿಗದೆ ಇರುತ್ತದೆಯೇ? ನಾನು ಹಿಂದಿನಿಂದ ಅವಳ ಸೆರಗು ಎಳೆದರೂ ಅಲ್ಲಾಡಲಿಲ್ಲ. ಆಮೇಲೆ ಹೊರಗೆ ಬಂದು ಎರಡನ್ನೂ ದ್ಯಾವಮ್ಮನ ಕೈಗೆ ಕೊಟ್ಟಳು. ದ್ಯಾವಮ್ಮ ಮುಖದ ಫೋಟೋವನ್ನು ಎದೆಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ ಇನ್ನೊಂದನ್ನು ನೋಡಿದಳು.

“ಇದ್ಯಾರ್ದು ಅಮ್ಮೋರೇ?”

“ನಿನ್ನ ಗಂಡಂದೇ.”

“ಅಲ್ಲ ಕಣ್ರವ್ವಾ, ಇದು ನಮ್ಮೋರ ಬೆನ್ನಲ್ಲ. ಸಾಯೋಕ್ ಮುಂಚೆ ಎರಡು ದಿನ ನಾನೇ ಅರಿಶಿನ ಅರೆದು ಹಚ್ಚಿದೀನಿ, ನಂಗೊತ್ತಿಲ್ವಾ? ಇಲ್ಲಿಂದ ಇಲ್ಲಿಗಂಟ ಬಾಸುಂಡೆ. ಇಲ್ಲೊಂದು. ಇಲ್ಲೊಂದು. ಪಾರ್ಚ್‌ಮೆಂಟ್ ಕಾಫಿಬೀಜ ಕದ್ದ ಅಂತ ಹೇಳಿ ಹಗ್ಗ ನೆನೆಸ್ಕಂಡು ಹೊಡೆದ್ರು ತೋಟದ ಲೆಕ್ಕ ಬರೆಯೋ ರೈಟ್ರು. ದೊರೆ ಕುರ್ಚಿ ಹಾಕ್ಕಂಡು ಕೂತು ನೋಡ್ತಿದ್ದ. ಅಟ್ಟದಿಂದ ಬಿದ್ದೋರಿಗೆ ಬಾಸುಂಡೆ ಬರ್ತಾವಾ ಅಮ್ಮೋರೇ?”

ಅವಳ ಬೆರಳು ಆ ನುಣ್ಣನೆಯ ಬೆನ್ನಿನ ಮೇಲೆ ಓಡಾಡುತ್ತಿತ್ತು. ಅಮ್ಮನ ಪೆನ್ಸಿಲು ಓಡಾಡಿದ್ದ ಜಾಗವನ್ನು ಕೂದಲೆಳೆಯಷ್ಟೂ ತಪ್ಪದೆ ತೋರಿಸುತ್ತಿತ್ತು. ಅಮ್ಮ ಅವಳ ಪಕ್ಕದಲ್ಲೇ ನೆಲಕ್ಕೆ ಕೂತು, ಮುಂದೇನು ಅಂತ ಕೇಳಿದಳು. ಬರುವ ಸೋಮವಾರ ಆಲ್ದೂರಿನ ಸರ್ಕಾರಿ ಬಂಗಲೆಯಲ್ಲಿ ವಿಚಾರಣೆ ಅಂತ ದ್ಯಾವಮ್ಮ ಹೇಳಿದಳು. ಹೆಣ ಸುಟ್ಟಾಗಿದೆ, ಹೊಡೆದದ್ದನ್ನು ಕಂಡ ಆಳುಗಳು ಬಾಯಿ ಬಿಡುವುದಿಲ್ಲ, ಹೊಡೆದ ಗುರುತು ಉಳಿದಿರುವುದು ಫೋಟೋದಲ್ಲಿ ಮಾತ್ರ ಅಂತ ಯಾರೋ ಅವಳಿಗೆ ಹೇಳಿದ್ದರು. ಆ ಗುರುತನ್ನು ಎರಡು ಮಧ್ಯಾಹ್ನ ಕೂತು ಅಳಿಸಿದವರು ನಾವು, ತಾಯಿ ಮಗಳು. ಅಮ್ಮ ಬೆನ್ನಿನ ಫೋಟೋವನ್ನು ವಾಪಸು ಇಸಿದುಕೊಂಡು, ಮುಖದ್ದನ್ನು ಅವಳಿಗೇ ಬಿಟ್ಟು, ‘ಸೋಮವಾರ ನಾನು ಬರ್ತೀನಿ, ಅಲ್ಲೇ ಇರು’ ಅಂದಳು.

ಅಪ್ಪಯ್ಯ ಬಂದು ಊಟಕ್ಕೆ ಕೂತರು. ಅಮ್ಮ ಅನ್ನ ಬಡಿಸಿದಳು, ಸಾರು ಬಡಿಸಿದಳು, ಅಲ್ಲೇ ನಿಂತಳು.

“ಅದು ಗೋಡೆ ಅಲ್ಲ.”

ಅಪ್ಪಯ್ಯ ಅನ್ನ ಕಲೆಸುತ್ತಲೇ ಇದ್ದರು. “ಯಾರು ಬಂದಿದ್ರು ಮನೆಗೆ?”

“ಪೆನ್ಸಿಲಿನ ಮೊನೆಗೆ ಗೀರು ಸಿಗ್ಲಿಲ್ಲ ರೀ. ಗೀರಾಗಿದ್ರೆ ತಡೀಬೇಕಿತ್ತು. ಅವತ್ತೇ ಕೈಗೆ ಗೊತ್ತಾಯ್ತು ನಂಗೆ. ನೀವು ಹೇಳಿದ್ರಿ ಅಂತ ಸುಮ್ನಾದೆ. ಎಂಥ ಕೆಲಸ ಮಾಡಿಸಿದ್ರಿ ನನ್ನ ಕೈಲಿ!”

“ಉಂಡ ಮನೆಗೆ ಎರಡು ಬಗೀಬಾರದು ಪದ್ಮಾ. ಈ ಅನ್ನ, ಈ ಮನೆ, ನಿನ್ನ ಮೈಮೇಲಿನ ಸೀರೆ, ಎಲ್ಲ ಸರ್ಕಾರದ್ದು. ಆ ದೊರೆ ದೊಡ್ಡ ಸಾಹೇಬರ ಜೊತೆ ಶಿಕಾರಿಗೆ ಹೋಗೋನು. ಒಂದು ಮಾತು ಅವನು ಆಡಿದ್ರೆ ನಾಳೆ ನಾವು ಬೀದೀಲಿ.”

“ಬೀದೀಲಿರೋಳು ಇವತ್ತು ಬಂದಿದ್ಲು. ಅವಳನ್ನ ನೋಡಿದೆ.”

ಅಪ್ಪಯ್ಯ ತಟ್ಟೆ ತಳ್ಳಿ ಎದ್ದರು. ಅವರು ಹೆದರಿದ್ದರು, ನನಗೆ ಗೊತ್ತು. ನನ್ನ ಚಿಕ್ಕಪ್ಪಂದಿರು, ಅವರ ಮಕ್ಕಳು, ಈಗ ಮೊಮ್ಮಕ್ಕಳು ಕೂಡ ನನಗೆ ಬುದ್ಧಿ ಹೇಳುತ್ತಾರೆ. ಪಾಪ, ಸಂಬಳದ ಮನುಷ್ಯ, ಕಾಲ ಹಾಗಿತ್ತು, ಹೋಗಲಿ ಬಿಡು ಅನ್ನುತ್ತಾರೆ. ಕಾಲ ಯಾರ ಪ್ಲೇಟಿಗೂ ಕಪ್ಪು ಕಾಗದ ಅಂಟಿಸುವುದಿಲ್ಲ. ಹೆದರಿದವರು ತಾವೇ ಪೆನ್ಸಿಲು ಹಿಡಿದು ತಿದ್ದಬಹುದಿತ್ತು. ಅವರು ತಿದ್ದಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ, ಅದು ಅವರಿಗೆ ಗೊತ್ತಿತ್ತು. ಅದಕ್ಕೇ ಅಮ್ಮನಿಗೆ ಸುಳ್ಳು ಹೇಳಿದರು. ಇದನ್ನು ನಾನು ಬಿಡುವುದಿಲ್ಲ.

ಮರುದಿನ ಅವರು ಕಚೇರಿಗೆ ಹೋದ ಕೂಡಲೇ ಅಮ್ಮ ಆ ಪ್ಲೇಟನ್ನು ಪೆಟ್ಟಿಗೆಯಿಂದ ತೆಗೆದಳು. ಪೆನ್ಸಿಲಿನ ಕೆಲಸಕ್ಕೆ ಒಂದು ಗುಣವಿದೆ. ಟರ್ಪಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ರಾಳದ ಜೊತೆಗೆ ಅದೂ ಕಿತ್ತು ಬರುತ್ತದೆ. ಬಟ್ಟೆ ಕಪ್ಪಾಯಿತು. ಪ್ಲೇಟನ್ನು ಕಿಟಕಿಗೆ ಹಿಡಿದಳು. ಏಳು ಗೆರೆಗಳೂ ಹೊಳೆಯುತ್ತ ವಾಪಸು ಬಂದಿದ್ದವು. ನಾನು ಎಣಿಸಿದೆ, ಅವಳೂ ಎಣಿಸಿದಳು. ಬಿಸಿಲಿಗಿಟ್ಟರೆ ತಾನೇ ಚಿತ್ರ ಮೂಡುವ ಕಾಗದ ಮನೆಯಲ್ಲಿತ್ತು. ಅದನ್ನು ಪ್ಲೇಟಿನ ಕೆಳಗೆ ಚೌಕಟ್ಟಿನಲ್ಲಿ ಬಿಗಿದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟಳು. ಕಾಗೆ ಬಾರದಂತೆ ನಾನು ಕೋಲು ಹಿಡಿದು ಕೂತೆ. ಆಮೇಲೆ ಅವಳು ಬಚ್ಚಲಿಗೆ ಹೋಗಿ, ಅಪ್ಪಯ್ಯನ ಮದ್ದುಗಳನ್ನು ಅವರಷ್ಟೇ ಸಲೀಸಾಗಿ ಬೆರೆಸಿ, ಕಾಗದವನ್ನು ಅದ್ದಿ ತೊಳೆದು ಹಗ್ಗಕ್ಕೆ ಹಾಕಿದಳು. ಅವತ್ತು ಬಾವಿಯಿಂದ ಸೇದಿದ ನೀರೆಲ್ಲ ಅವಳ ಸ್ವಂತ ಕೆಲಸಕ್ಕೆ.

ಸೋಮವಾರ ಅಪ್ಪಯ್ಯ ಬೆಳಿಗ್ಗೆಯೇ ಅಧಿಕಾರಿಗಳ ಕಾರಿನಲ್ಲಿ ಹೋದರು. ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಬಸ್ಸನ್ನು ನಾವು ಹತ್ತಿದೆವು. ತವರಿಗೆ ಬಿಟ್ಟರೆ ಬೇರೆಲ್ಲಿಗೂ ಹೋಗದಿದ್ದ ಅಮ್ಮ ಪ್ಲೇಟನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ವಸ್ತಾರೆ ದಾಟಿ ಆಲ್ದೂರು ಬರುವವರೆಗೂ ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಬಂಗಲೆಯ ಮುಂದಿನ ಕಲ್ಲಿನ ಮೇಲೆ ದ್ಯಾವಮ್ಮ ಕಾದಿದ್ದಳು. ಒಳಗೆ ಮೇಜಿನ ಹಿಂದೆ ವಿಚಾರಣೆಯ ಅಧಿಕಾರಿ, ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡ ದೊರೆ, ಅವನ ಹಿಂದೆ ರೈಟರು. ಬೆಂಚಿನ ಮೇಲೆ ಅಪ್ಪಯ್ಯ. ನಮ್ಮನ್ನು ಕಂಡು ಅವರ ಮುಖ ಸುಣ್ಣವಾಯಿತು. ದ್ಯಾವಮ್ಮ ಅಮ್ಮ ಕೊಟ್ಟ ಹೊಸ ಫೋಟೋವನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದು ನಿಂತಳು. ಅಧಿಕಾರಿ ಕಡತದಲ್ಲಿದ್ದ ಫೋಟೋವನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡರು. ಎರಡನ್ನೂ ನೋಡಿದರು. ಎರಡನ್ನೂ ಮಗುಚಿ ಬೆನ್ನು ನೋಡಿದರು.

“ಇದಕ್ಕೆ ಮೊಹರಿದೆ, ಇದಕ್ಕಿಲ್ಲ. ಯಾವುದ್ರೀ ಸರಿ?”

ಅಪ್ಪಯ್ಯ ಎದ್ದು ನಿಂತರು. “ಮೊಹರು ಇರೋದೇ ಸರಿ ಸ್ವಾಮಿ. ಇನ್ನೊಂದು, ಗೀರು ಬಿದ್ದ ಪ್ಲೇಟಿಂದ ಮಾಡಿದ್ದು. ಮನೆಯವಳು ತಿಳೀದೆ ಮಾಡಿದಾಳೆ, ಕ್ಷಮಿಸಬೇಕು. ಅವಳಿಗೆ ಈ ಕೆಲಸ ಗೊತ್ತಿಲ್ಲ.”

ಕೆಲಸ ಗೊತ್ತಿಲ್ಲ! ಅಮ್ಮನ ಕುತ್ತಿಗೆ ಕೆಂಪಾದದ್ದನ್ನು ಕಂಡೆ. ಪರಗಂಡಸಿನ ಮುಂದೆ ತಲೆಯೆತ್ತಿ ಮಾತಾಡದವಳು ಮೇಜಿನವರೆಗೆ ನಡೆದುಹೋಗಿ ಸೀರೆಯ ಗಂಟು ಬಿಚ್ಚಿದಳು.

“ಅದೇ ಪ್ಲೇಟು ಇದು ಸ್ವಾಮಿ. ಗೀರಾಗಿದ್ರೆ ಉಗುರಿಗೆ ತಡೆಯುತ್ತೆ. ಗುರುತಾಗಿದ್ರೆ ತಡೆಯಲ್ಲ. ನೀವೇ ಉಗುರು ಆಡಿಸಿ ನೋಡಿ.”

ಅಧಿಕಾರಿ ಕೈ ಚಾಚಿದರು. ಆ ಮನುಷ್ಯ ನೋಡುತ್ತಿದ್ದರು ಅಂತ ನಾನು ಇವತ್ತಿಗೂ ನಂಬುತ್ತೇನೆ. ಅಷ್ಟರಲ್ಲಿ ಅಪ್ಪಯ್ಯ, ‘ಸರ್ಕಾರಿ ಸ್ವತ್ತು, ನಾನು ಕೊಡ್ತೀನಿ’ ಅನ್ನುತ್ತ ನಡುವೆ ಬಂದು ಅಮ್ಮನ ಕೈಯಿಂದ ಪ್ಲೇಟು ತೆಗೆದುಕೊಂಡರು. ಪ್ಲೇಟು ಅಧಿಕಾರಿಯ ಕೈ ಸೇರಲಿಲ್ಲ. ಗಾರೆ ನೆಲದ ಮೇಲೆ ಬಿದ್ದು ಚೂರಾಯಿತು. ಚಾರ್ಮಾಡಿಯ ಬಂಡೆಗಳ ಮೇಲೆ ಮಳೆಯಲ್ಲಿ ನಿಂತು, ಓಡುವ ಲಾರಿಯ ಮೇಲೆ ಕೂತು, ಕತ್ತಲೆಯ ಬಚ್ಚಲಲ್ಲಿ ಕಣ್ಣು ಕಾಣದೆ ಕೆಲಸ ಮಾಡಿದ ಆ ಕೈಯಿಂದ ಅಲ್ಲಿಯವರೆಗೆ ಒಂದು ಪ್ಲೇಟೂ ಬಿದ್ದಿರಲಿಲ್ಲ. ನಾನು ಮೇಜಿನೆತ್ತರಕ್ಕೆ ನಿಂತಿದ್ದೆ, ಅವರ ಬೆರಳು ನನ್ನ ಕಣ್ಣಿನ ಮಟ್ಟಕ್ಕಿತ್ತು. ಬೆರಳುಗಳು ಬಿಚ್ಚಿಕೊಂಡದ್ದನ್ನು ನಾನು ನೋಡಿದೆ.

ದೊರೆ ಸಿಗರೇಟು ಹಚ್ಚಿದ. ಅಧಿಕಾರಿ ಗಾಜಿನ ಚೂರುಗಳನ್ನು ನೋಡಿ, ಇನ್ನೇನು ನೋಡುವುದಿದೆ ಅಂತ ಕಡತ ಮುಚ್ಚಿದರು. ಅಟ್ಟದಿಂದ ಬಿದ್ದು ಸತ್ತ ಅಂತಲೇ ಬರೆದರಂತೆ. ದ್ಯಾವಮ್ಮ ಅಮ್ಮನಿಗೆ ಕೈಮುಗಿದು ಕೊಟ್ಟಿಗೆಹಾರದ ದಾರಿ ಹಿಡಿದಳು. ಅವಳನ್ನು ನಾವು ಮತ್ತೆ ನೋಡಲಿಲ್ಲ.

ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅಪ್ಪಯ್ಯ ಬಂದರು. ಅಮ್ಮನ ಮುಖ ನೋಡದೆ, “ಕೈ ಜಾರಿತು” ಅಂದರು. ಅಮ್ಮ ಬಸ್ಸು ಬರುವ ದಾರಿ ನೋಡುತ್ತಿದ್ದಳು. ನನ್ನಿಂದ ತಡೆಯಲಾಗಲಿಲ್ಲ.

“ಜಾರಲಿಲ್ಲ. ನೀವೇ ಬಿಟ್ರಿ. ನಾನು ನೋಡಿದೆ.”

ಹೊಡೆದರು. ಕೆನ್ನೆಯ ಮೇಲೆ ಐದೂ ಬೆರಳು ಮೂಡಿದವು. ಅವರು ನನ್ನನ್ನು ಹೊಡೆದದ್ದು ಅದೇ ಮೊದಲು. ಮೂವರೂ ಅದೇ ಬಸ್ಸಿನಲ್ಲಿ ಊರಿಗೆ ಬಂದೆವು.

ಬೆಳಗಾಗುವಷ್ಟರಲ್ಲಿ ಕೆನ್ನೆ ಊದಿ ನೀಲಿಯಾಗಿತ್ತು. “ಎರಡು ದಿನ ಅವಳನ್ನ ಹೊರಗೆ ಕಳಿಸ್ಬೇಡ, ನೋಡಿದೋರು ಏನಂದ್ಕೋತಾರೆ” ಅಂತ ಹೇಳಿ ಅಪ್ಪಯ್ಯ ಕಚೇರಿಗೆ ಹೋದರು. ಅಮ್ಮ ಡೆಸ್ಕಿನ ಖಾನೆಯಿಂದ ಪೆನ್ಸಿಲುಗಳನ್ನೆಲ್ಲ ತೆಗೆದು ಒಲೆಗೆ ಹಾಕಿದಳು. ಆಮೇಲೆ ನನ್ನನ್ನು ಕೂರಿಸಿಕೊಂಡು, ಒಂದು ಕೂದಲೂ ಕೆನ್ನೆಯ ಮೇಲೆ ಬೀಳದ ಹಾಗೆ ಹಿಂದಕ್ಕೆ ಎಳೆದು ಬಿಗಿಯಾಗಿ ಜಡೆ ಹಾಕಿದಳು. ಹಬ್ಬಕ್ಕೆ ಉಡುವ ಲಂಗ ಉಡಿಸಿದಳು. ಕೈಹಿಡಿದು ಪೇಟೆಬೀದಿಗೆ ಕರೆದುಕೊಂಡು ಹೋದಳು. ಕೊಳ್ಳುವುದು ಏನೂ ಇರಲಿಲ್ಲ. ದಿನಸಿ ಅಂಗಡಿಯ ಮುಂದೆ ನಿಂತಳು. ಕಚೇರಿಯ ಗುಮಾಸ್ತರ ಹೆಂಡತಿ ಅಲ್ಲಿದ್ದರು, ಇನ್ನೂ ಯಾರ್ಯಾರೋ ಇದ್ದರು. ಅಂಗಡಿಯವನು ಬಗ್ಗಿ ನನ್ನ ಮುಖ ನೋಡಿ, “ಅಯ್ಯೋ, ಏನಾಯ್ತೇ ಮಗಾ, ಎಲ್ಲಾದ್ರೂ ಬಿದ್ಯಾ?” ಅಂದ.

ನಾನು ಅಮ್ಮನ ಮುಖ ನೋಡಿದೆ.

“ಹೇಳು” ಅಂದಳು.

ಬೀಳಲಿಲ್ಲ, ಅಪ್ಪಯ್ಯ ಹೊಡೆದರು ಅಂತ ಹೇಳಿದೆ. ಯಾಕೆ ಅಂತ ಕೇಳಿದರು. ಅದನ್ನೂ ಹೇಳಿದೆ, ಮೊದಲಿನಿಂದ ಕೊನೆಯವರೆಗೆ, ಎಲ್ಲರಿಗೂ ಕೇಳುವ ಹಾಗೆ. ಇನ್ನೂ ಹೇಳುತ್ತಿದ್ದೇನೆ.